ಹಳೆ ಡಿಐ ಜೀಪ್: ಫೋರ್‌ವ್ಹೀಲ್ ಲಿವರ್ ಸಿಗಿಬೀಳ್ತೈತಿ, ಹೌಸಿಂಗ್ ಎಣ್ಣಿ ಬೆಳ್ಳಗಾಗೇತಿ. ಮೊದಲ ಎಲ್ಲಿ ಕೈ ಹಾಕೂದು?

ಎರಿಹೊಲ (ರೋಣ):

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ 1999ರ ಮಹೀಂದ್ರಾ ಜೀಪ್, 2523 ಸಿಸಿ ಡಿಐ (ಡೀಸೆಲ್ ನೇರ ಸಿಲಿಂಡರಿಗೆ ಹೊಡಿಯೂ) ಎಂಜಿನ್, ಫೋರ್‌ವ್ಹೀಲ್. ಹೊಲದ ಕೆಲಸಕ್ಕ ಮತ್ತ ಗದಗ-ಹುಬ್ಬಳ್ಳಿ ಓಡಾಟಕ್ಕ ಇಟ್ಟದ್ದು. ಮಾರೂ ವಿಚಾರ ಇಲ್ಲ, ಇನ್ನೂ ಹತ್ತ ವರ್ಷ ಓಡಬೇಕು. ಈಗ ಇರೂ ತಕರಾರು ಇವು:

ಫೋರ್‌ವ್ಹೀಲ್ ಹಾಕಿದ್ರ ರಾಡಿ ಹೊಲದಾಗೂ ಗಾಡಿ ಬಿಗಿ ಹಿಡೀತೈತಿ, ಆಮ್ಯಾಲ ಲಿವರ್ ವಾಪಸ್ ಬರೂದಿಲ್ಲ. ಡಾಂಬರ ಮ್ಯಾಲ ಯಾವತ್ತೂ ಹಾಕೂದಿಲ್ಲ, ಅದು ಗೊತ್ತೈತಿ. ನಾಕೂ ಟೈರ್ 6.00-16, ಒಂದ ಕಂಪನಿವು, ಸವೆತಾನೂ ಒಂದ ಸಮ.

ಮೀಟರ್ 50 ದಾಟಿದ್ರ ಸಣ್ಣ ಗುಂಡಿ ಹಾರಿದ ಕೂಡಲೇ ಸ್ಟೇರಿಂಗ್ ಗಡಗಡ ನಡುಗ್ತೈತಿ. ಬ್ಯಾಲೆನ್ಸಿಂಗ್ ಆಗೇತಿ, ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕೇತಿ. ಫರಕ್ ಇಲ್ಲ.

ಮುಂದಿನ ಹೌಸಿಂಗ್ (ಎರಡ ಚಕ್ರದ ನಡುವಿನ ಆಕ್ಸಲ್ ಪೆಟ್ಟಿಗಿ) ಎಣ್ಣಿ ಹಾಲ ಹಾಕಿದ ಚಹಾದ ಬಣ್ಣ ಆಗೇತಿ. ಮಳಿಗಾಲದಾಗ ಬೆಣ್ಣಿಹಳ್ಳ ದಾಟೂದು ಇದ್ದದ್ದ. ಗೇರ್‌ಬಾಕ್ಸ್ ಲೆವೆಲ್ ಇಳೀತೈತಿ, ಹೊರಗ ಮಾತ್ರ ಒಂದ ಹನಿ ಇಲ್ಲ.

ಮುಂಜಾನೆ ಸೆಲ್ಫ್ ಭಾಳ ಹೊತ್ತು ಹೊಡೀಬೇಕು, ಹತ್ತಿದ ಮ್ಯಾಲ ಎರಡ ನಿಮಿಷ ಬಿಳಿ ಹೊಗಿ. ಮಿಸ್ತ್ರಿ ಎಂಜಿನ್ ಬಿಚ್ಚಿ ರಿಂಗ್-ಪಿಸ್ಟನ್ ಹಾಕ್ಸ್ರಿ ಅಂತಾರ.

ಹಿಂದಿನ ಮಾಲೀಕರು ಹಿಂದಿನ ಹೌಸಿಂಗ್ ಪೂರ್ತಿ ಗುಜರಿಯಿಂದ ತಂದು ಬದಲಿ ಮಾಡಿಸ್ಯಾರ. ರೊಕ್ಕ ಒಮ್ಮೆಲೆ ಹಾಕಾಕ ಆಗೂದಿಲ್ಲ. ಯಾವುದು ಮೊದಲ, ಯಾವುದು ಆಮ್ಯಾಲ, ವರ್ಷದಾಗ ಏನೇನು ನೋಡ್ಕೋತ ಇರಬೇಕು, ತಿಳದವರು ಹೇಳ್ರಿ.

ಡೀಸೆಲ್‌ಪಂಪ್ (ಹುಬ್ಬಳ್ಳಿ, ಗೋಕುಲ ರೋಡ್):

ಎಂಜಿನ್ ಬಿಚ್ಚಬ್ಯಾಡ್ರಿ. ಬಿಚ್ಚೂಕಿಂತ ಮೊದಲ ಅಳತಿ ತಗೋಬೇಕು. ನೀವು ಹೇಳಿದ ಲಕ್ಷಣಕ್ಕ ರಿಂಗ್ ಕಡೀ ಕಾರಣ. ಅದಕ್ಕ ಮುಂಚೆ ನಾಕೈದು ಸೋವಿ ಕಾರಣ ಅದಾವು.

ನಾಳೆ ಮುಂಜಾನೆ ಸೆಲ್ಫ್ ಹೊಡಿಯೂ ಮೊದಲ ಡೀಸೆಲ್ ಫಿಲ್ಟರ್ ಕಡೆ ಇರೂ ಹ್ಯಾಂಡ್ ಪ್ರೈಮರ್ (ಕೈಲೆ ಡೀಸೆಲ್ ಒತ್ತೂ ಪಂಪ್) ಗಟ್ಟಿ ಆಗೂತನಕ ಒತ್ತಿ, ಆಮ್ಯಾಲ ಸ್ಟಾರ್ಟ್ ಮಾಡ್ರಿ. ಒಂದ ಏಟಿಗೆ ಹತ್ತಿದ್ರ ರಿಂಗಿಂದು ಏನೂ ತಪ್ಪಿಲ್ಲ. ರಾತ್ರಿ ಲೈನಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳದು ಗಾಳಿ ಹೊಕ್ಕೈತಿ ಅಂತ ಅರ್ಥ. ಗಾಳಿ ಎಲ್ಲಿಂದ ಅಂತ ಹುಡುಕಾಕ ಫಿಲ್ಟರಿಗೂ ಪಂಪಿಗೂ ನಡುವ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಹಾಕಿ ಗುಳ್ಳಿ ನೋಡ್ರಿ. ಸಾಮಾನ್ಯವಾಗಿ ಸಿಗೂ ಜಾಗ ಅಂದ್ರ ಪೈಪ್ ಕೂಡಸೂ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ (ಹಳೇದು ಮತ್ತ ಹಾಕಿರ್ತಾರ), ಫೀಡ್ ಪಂಪಿನ ವಾಲ್ವ್, ಟ್ಯಾಂಕಿನ ಮ್ಯಾಲಿನ ರಬ್ಬರ್ ಪೈಪ್ ಸೀಳಿದ್ದು. ಲೈನಿನಿಂದ ಗಾಳಿ ಹೀರ್ಕೊಳ್ಳೂ ಜಾಗದಾಗ ಡೀಸೆಲ್ ಸೋರೂದು ಕಾಣಸಲಿಕ್ಕೇ ಬೇಕು ಅಂತಿಲ್ಲ, ಅದಕ್ಕ ಮಂದಿ ಮೋಸ ಹೋಗ್ತಾರ.

ಗಾಳಿ ತಗಿಯೂ ಕ್ರಮ: ಫಿಲ್ಟರ್ ಮ್ಯಾಲಿನ ಬ್ಲೀಡ್ ಸ್ಕ್ರೂ ಸಡ್ಲ ಮಾಡಿ ಪ್ರೈಮರ್ ಒತ್ರಿ, ಗುಳ್ಳಿ ನಿಂತ ಮ್ಯಾಲ ಒತ್ತಿ ಹಿಡದ ಬಿಗೀರಿ. ಎರಡು ಫಿಲ್ಟರ್ ಇದ್ರ ಮೊದಲ ಟ್ಯಾಂಕ್ ಕಡೀದು, ಆಮ್ಯಾಲ ಎರಡನೇದು. ಮುಂದ ಪಂಪಿನ ಸ್ಕ್ರೂ. ಆದ್ರೂ ಹತ್ತದಿದ್ರ ಎರಡು ನೋಝಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಸೂದು) ಪೈಪಿನ ನಟ್ ಅರ್ಧ ಸುತ್ತು ಸಡ್ಲಿಸಿ ಸೆಲ್ಫ್ ಹೊಡೀರಿ, ಡೀಸೆಲ್ ಚಿಮ್ಮಿದ ಮ್ಯಾಲ ಬಿಗೀರಿ. ಕೈ ಅಡ್ಡ ಹಿಡೀಬ್ಯಾಡ್ರಿ, ಆ ಪ್ರೆಷರ್ ಚರ್ಮದ ಒಳಗ ಹೊಕ್ಕೈತಿ.

ಗಾಳಿ ಇಲ್ಲ ಅಂದ್ರ ಕರೆಂಟ್ ನೋಡ್ರಿ. ಸೆಲ್ಫ್ ತಿರುಗುವಾಗ ಬ್ಯಾಟರಿ ಮ್ಯಾಲ 9.6 ವೋಲ್ಟಿಗಿಂತ ಕೆಳಗ ಇಳೀಬಾರದು. ಬ್ಯಾಟರಿಯ ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿಗೆ ಮೀಟರ್ ಹಿಡದು ಅದ ಹೊತ್ತಿನ್ಯಾಗ ನೋಡಿದ್ರ 0.3 ವೋಲ್ಟ್ ದಾಟಬಾರದು. ದಾಟಿದ್ರ ಅರ್ಥ್ ಪಟ್ಟಿ ಹೋಗೇತಿ. ಡೀಸೆಲ್ ಹತ್ತೂದು ಬಿಸಿಗೆ, ಬಿಸಿ ಬರೂದು ಕ್ರ್ಯಾಂಕ್ ತಿರುಗೂ ವೇಗಕ್ಕ. ಮಂದ ತಿರುಗಿದ್ರ ಹತ್ತದ ಡೀಸೆಲ್ ಹಂಗ ಸೈಲೆನ್ಸರ್‌ದಾಗ ಬಿಳಿ ಹೊಗಿ ಆಗಿ ಬರ್ತೈತಿ, ಮೂಗಿಗೆ ಘಾಟು, ಕಣ್ಣು ಉರಿ. ಸಿಹಿ ವಾಸನಿ ಇದ್ದು ರೇಡಿಯೇಟರ್ ನೀರು ಇಳೀತಿದ್ರ ಅದು ಬ್ಯಾರೆ ಮಾತು, ಹೆಡ್ ಪ್ಯಾಕಿಂಗ್ ನೋಡಬೇಕು.

ಆಮ್ಯಾಲ ಟಪೆಟ್ ಗ್ಯಾಪ್ (ವಾಲ್ವಿನ ಮ್ಯಾಲಿನ ಸಂದು). ಅಳತಿ ಮ್ಯಾನುಯಲ್‌ದಾಗ ಇದ್ದಂಗ, ಅದು ತಣ್ಣಗಿದ್ದಾಗಿನದೋ ಬಿಸಿ ಇದ್ದಾಗಿನದೋ ಅಂತ ಓದಿ ಹಾಕಬೇಕು. ಆಮ್ಯಾಲ ನೋಝಲ್ ತಗಸಿ ಬೆಂಚ್ ಮ್ಯಾಲ ಪ್ರೆಷರ್ ನೋಡಸ್ರಿ. ಹನಿ ಹಿಡಿಯೂ ನೋಝಲ್ ಒಂದ ಇದ್ರೂ ಬೆಳಗಿನ ಹೊಗಿ ಬರ್ತೈತಿ. ವಾಪಸ್ ಕೂಡಸುವಾಗ ತಳದ ತಾಮ್ರದ ವಾಷರ್ ಹೊಸವು ಹಾಕ್ಲೇಬೇಕು.

ಇಷ್ಟಾದ ಮ್ಯಾಲ ಎಂಜಿನ್ ಬಿಸಿ ಇದ್ದಾಗ ಆಯಿಲ್ ಹಾಕೂ ಮುಚ್ಚಳ ತಗದು ಉಲ್ಟಾ ಇಡ್ರಿ. ಸ್ವಲ್ಪ ಕುಣದ್ರ ನಡೀತೈತಿ, ಹಾರಿ ಬಿದ್ದ್ರ ಕಂಪ್ರೆಶನ್ ಅಳಸ್ರಿ. ನಾಕೂ ಸಿಲಿಂಡರ್ ನಡುವ ಫರಕ್ 10-15 ಶೇಕಡಾ ದಾಟಿದ್ರ ಆಗ ಬಿಚ್ಚೂ ಮಾತು.

ಇನ್ನೊಂದು: 2020ರ ಏಪ್ರಿಲ್‌ನಿಂದ ಬರೂ ಬಿಎಸ್-6 ಡೀಸೆಲ್‌ದಾಗ ಗಂಧಕ 10 ಪಿಪಿಎಂ ಅಷ್ಟ. ಹಳೆ ಪಂಪಿನ ಗಟ್ಟಿ ಆದ ರಬ್ಬರ್ ಸೀಲ್ ಇದರಿಂದ ಜಿನುಗಾಕ ಶುರು ಆಗ್ತಾವು. ಪಂಪ್ ಬಿಚ್ಚಿಸಿದ್ರ ವೈಟಾನ್ (ಡೀಸೆಲ್ ತಡಿಯೂ ರಬ್ಬರ್) ಸೀಲಿನ ಕಿಟ್ ಕೇಳ್ರಿ. ಮತ್ತ ದಾರಿ ಬದಿ ಡ್ರಮ್ಮಿನ್ಯಾಗ ಬಯೋಡೀಸೆಲ್ ಅಂತ ಸೋವಿಗೆ ಮಾರೂದನ್ನ ಮುಟ್ಟಬ್ಯಾಡ್ರಿ.

ಸಪ್ತಾಪುರ_4x4 (ಧಾರವಾಡ):

ಎಂಜಿನ್ ವಿಷಯ ಮೇಲೆ ಸರಿಯಾಗಿ ಬಂದದ. ನಾನು ಕೆಳಗಿನ ಕಬ್ಬಿಣಕ್ಕೆ ಬರ್ತೀನಿ.

ಬೆಳ್ಳಗಾದ ಎಣ್ಣೆ ಅಂದರೆ ನೀರು, ಅದರಲ್ಲಿ ಸಂಶಯ ಇಲ್ಲ. ನೀರು ಹೊಕ್ಕ ದಾರಿ ಬಹುತೇಕ ಬ್ರೀದರ್, ಅಂದರೆ ಹೌಸಿಂಗಿನ ಗಾಳಿ ಆಡುವ ತೂತು. ಹತ್ತು ಕಿಲೋಮೀಟರ್ ಓಡಿ ಕಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗತದ. ಬ್ರೀದರ್ ತೆರೆದಿದ್ದರೆ ಅದು ನೀರಿನೊಳಗೇ ಇರೋದರಿಂದ ನೀರನ್ನೇ ಎಳಕೊಳ್ಳತದ. ಎರೆಮಣ್ಣು ಮೆತ್ತಿ ಮುಚ್ಚಿದ್ದರೆ ಸೀಲುಗಳ ತುಟಿಯಿಂದ ಎಳೀತದ. ಎರಡೂ ಕಡೆ ಸೋಲು. ಉಪಾಯ ಸರಳ: ಬ್ರೀದರ್ ತೆಗೆದು ಆ ಜಾಗಕ್ಕೆ ಪೈಪ್ ನಿಪ್ಪಲ್ ಕೂಡಿಸಿ, ಎಣ್ಣೆಗೆ ತಡೆಯುವ ರಬ್ಬರ್ ಪೈಪನ್ನು ಬಾನೆಟ್ ಒಳಗೆ ಫೈರ್‌ವಾಲ್ ಎತ್ತರಕ್ಕೆ ತಗೊಂಡು ಹೋಗಿ, ತುದಿ ಕೆಳಮುಖ ಮಾಡಿ ಕಟ್ಟಿರಿ. ಹಿಂದಿನದನ್ನೂ ಹಾಗೇ. ಆಕ್ಸಲ್ ಮೇಲೆ ಕೆಳಗೆ ಆಡುವಷ್ಟು ಸಡಿಲ ಇರಲಿ, ಇಲ್ಲಾಂದರೆ ಮೊದಲ ಗುಂಡಿಗೇ ಕಿತ್ತು ಬರತದ.

ಈಗಿರುವ ಎಣ್ಣೆಯನ್ನು ಗಾಡಿ ಬಿಸಿ ಇದ್ದಾಗ ಇಳಿಸಿ, ಅಗ್ಗದ ಇಪಿ 90 ಗೇರ್ ಎಣ್ಣೆ ಲೆವೆಲ್ ತೂತಿನವರೆಗೆ ತುಂಬಿ 20-30 ಕಿಲೋಮೀಟರ್ ಓಡಿಸಿ ಮತ್ತೆ ಇಳಿಸಿರಿ. ಬಣ್ಣ ತಿಳಿ ಆಗುವವರೆಗೆ. ಒಂದು ಹೌಸಿಂಗಿಗೆ ಒಂದು ಸಲಕ್ಕೆ 2 ಲೀಟರ್ ಡಬ್ಬಿ ಸಾಕು. ಡ್ರೇನ್ ನಟ್ಟಿನ ಮ್ಯಾಗ್ನೆಟ್ ಮೇಲೆ ಬೂದಿಯಂಥ ಕಬ್ಬಿಣದ ಪುಡಿ ಇದ್ದರೆ ಚಿಂತೆ ಬೇಡ, ಕೈಗೆ ಚುಚ್ಚುವ ಚೂರು ಸಿಕ್ಕರೆ ಕವರ್ ತೆಗೀಲೇಬೇಕು.

ಗೇರ್‌ಬಾಕ್ಸ್ ಕಡಿಮೆ ಆಗಿ ಹೊರಗೆ ಸೋರದಿದ್ದರೆ ಟ್ರಾನ್ಸ್‌ಫರ್ ಕೇಸಿನ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಪೆಟ್ಟಿಗೆ) ಲೆವೆಲ್ ನಟ್ ಬಿಚ್ಚಿ ನೋಡಿರಿ, ಅಲ್ಲಿ ಹೆಚ್ಚಾಗಿ ಸುರೀತದ. ಎರಡರ ನಡುವಿನ ಶಾಫ್ಟ್ ಸೀಲ್ ಹೋಗಿರತದ. ಅದಕ್ಕಾಗಿಯೇ ಇಳಿಸೋದು ಬೇಡ. ಕ್ಲಚ್ ಪ್ಲೇಟ್ ಹಾಕಿಸುವಾಗ ಹೇಗೂ ಗೇರ್‌ಬಾಕ್ಸ್ ಕೆಳಗೆ ಬರತದ, ಆಗ ಮಾಡಿಸಿರಿ. ಅಲ್ಲಿಯವರೆಗೆ 1000 ಕಿಲೋಮೀಟರಿಗೊಮ್ಮೆ ಟ್ರಾನ್ಸ್‌ಫರ್ ಕೇಸಿನಿಂದ ಹೆಚ್ಚಿದ್ದು ತೆಗೆದು ಗೇರ್‌ಬಾಕ್ಸಿಗೆ ತುಂಬಿದರಾಯ್ತು.

ಈಗ ಲಿವರ್. ನಾಲ್ಕೂ ಟೈರ್ ಒಂದೇ ಇದ್ದು ರಾಡಿಯಲ್ಲೂ ಬಿಗಿ ಹಿಡಿದರೆ, ಮತ್ತೆ ಹಿಂದಿನ ಹೌಸಿಂಗ್ ಗುಜರಿಯದ್ದು ಅಂದರೆ, ನನಗೆ ಅನುಮಾನ ಬರೋದು ಕ್ರೌನ್-ಪಿನಿಯನ್ (ಹೌಸಿಂಗಿನ ಒಳಗಿನ ದೊಡ್ಡ-ಸಣ್ಣ ಹಲ್ಲಿನ ಚಕ್ರದ ಜೋಡಿ) ಹಲ್ಲಿನ ಲೆಕ್ಕದ ಮೇಲೆ. ಈ ಜೀಪುಗಳಲ್ಲಿ 47/11, 39/8, 43/8 ಜೋಡಿಗಳು ಬರತಾವ, ಅಂದರೆ 4.27, 4.88, 5.38. ಮುಂದೊಂದು ಹಿಂದೊಂದು ಆದರೆ ಎರಡು ಪ್ರೊಪೆಲರ್ ಶಾಫ್ಟ್ (ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ, ಹಿಂದಿನ ಹೌಸಿಂಗಿಗೆ ಹೋಗುವ ದಂಡ) ಒಂದಕ್ಕೊಂದು ಕಾದಾಡತಾವ. ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳ ನಡುವೆ ಒತ್ತಡ ಬಿದ್ದು ಲಿವರ್ ಹೊರಗೆ ಬರೋದಿಲ್ಲ.

ಬಿಚ್ಚದೆ ಪರೀಕ್ಷೆ ಮಾಡಬಹುದು. ಹಿಂದಿನ ಒಂದೇ ಚಕ್ರ ಎತ್ತಿ ಉಳಿದ ಮೂರಕ್ಕೂ ಎರಡೂ ಕಡೆ ಕಲ್ಲು ಕೊಡಿರಿ. ಟ್ರಾನ್ಸ್‌ಫರ್ ನ್ಯೂಟ್ರಲ್‌ಗೆ ಹಾಕಿ. ನಿಮ್ಮ ಹ್ಯಾಂಡ್‌ಬ್ರೇಕ್ ಪ್ರೊಪೆಲರ್ ಶಾಫ್ಟಿನ ಡ್ರಮ್ ಮೇಲಿದ್ದರೆ ಬಿಡಲೇಬೇಕು, ಅದಕ್ಕೇ ಕಲ್ಲು ಗಟ್ಟಿ ಇರಲಿ. ಚಕ್ರಕ್ಕೂ ಶಾಫ್ಟಿಗೂ ಸುಣ್ಣದ ಗೆರೆ ಎಳೆದು, ಚಕ್ರವನ್ನು ಹತ್ತು ಸುತ್ತು ತಿರುಗಿಸಿ ಶಾಫ್ಟ್ ಎಷ್ಟು ಸುತ್ತಿತು ಎಣಿಸಿರಿ. ಒಂದೇ ಚಕ್ರ ತಿರುಗಿದಾಗ ಕ್ರೌನ್ ಅರ್ಧದಷ್ಟೇ ತಿರುಗತದ, ಆದ್ದರಿಂದ 4.27 ಇದ್ದರೆ 21 ಚಿಲ್ಲರೆ, 4.88 ಇದ್ದರೆ 24 ಚಿಲ್ಲರೆ, 5.38 ಇದ್ದರೆ 27ಕ್ಕೆ ತುಸು ಕಡಿಮೆ. ಮುಂದೆಯೂ ಇದೇ ರೀತಿ, ಲಿವರ್ ಟೂ-ವ್ಹೀಲ್‌ನಲ್ಲಿ, ಫ್ರೀ ಹಬ್ (ಮುಂದಿನ ಚಕ್ರವನ್ನು ಆಕ್ಸಲ್‌ನಿಂದ ಬಿಡಿಸುವ ಹಬ್) ಇದ್ದರೆ ಲಾಕ್ ಮಾಡಿ.

ಲೋಡ್‌ಗಾಡಿ (ರಾಣೆಬೆನ್ನೂರ):

ಇಷ್ಟೆಲ್ಲ ಯಾಕ್ರಿ, ಗೇರ್‌ಬಾಕ್ಸ್, ಟ್ರಾನ್ಸ್‌ಫರ್, ಹೌಸಿಂಗ್ ಎಲ್ಲಾದಕ್ಕೂ ಇಪಿ 140 ತುಂಬ್ರಿ. ಸೋರೂದೂ ನಿಂತೈತಿ, ಸಪ್ಪಳಾನೂ ನಿಂತೈತಿ.

ಸಪ್ತಾಪುರ_4x4 (ಧಾರವಾಡ):

ಸಪ್ಪಳ ನಿಲ್ಲತದ, ಗೇರೂ ನಿಲ್ಲತದ ಅಣ್ಣಾರ. ಹೌಸಿಂಗಿನ ಹೈಪಾಯಿಡ್ ಹಲ್ಲಿಗೆ ಜಿಎಲ್-5 ದರ್ಜೆಯ ಎಣ್ಣೆ ಬೇಕು, ಅಲ್ಲಿ 90 ಅಥವಾ ಬೇಸಿಗೆಯಲ್ಲಿ ಭಾರ ಎಳೆಯೋದಿದ್ದರೆ 140 ಸರಿ. ಗೇರ್‌ಬಾಕ್ಸಿನ ಸಿಂಕ್ರೊ ರಿಂಗ್ (ಗೇರ್ ಸಲೀಸಾಗಿ ಬೀಳಿಸುವ ಬಳೆ) ಹಿತ್ತಾಳೆಯದ್ದು, ಜಿಎಲ್-5ರೊಳಗಿನ ಗಂಧಕದ ಮಿಶ್ರಣ ಅದನ್ನು ತಿನ್ನತದ. ದಪ್ಪ ಎಣ್ಣೆಗೆ ಬೆಳಿಗ್ಗೆ ಗೇರ್ ಬೀಳೋದೂ ಕಷ್ಟ. ಅಲ್ಲಿಗೆ ಜಿಎಲ್-4 ಇರೋ 80ಡಬ್ಲ್ಯೂ-90. ಇವರ ಗಾಡಿಯಲ್ಲಿ ಎರಡರ ನಡುವೆ ಎಣ್ಣೆ ಹರಿದಾಡತದ, ಹಾಗಾಗಿ ಟ್ರಾನ್ಸ್‌ಫರ್ ಕೇಸಿಗೂ ಅದನ್ನೇ ಹಾಕಬೇಕು.

ಹಾನಗಲ್ಲ_ಜೀಪು (ಹಾವೇರಿ ಜಿಲ್ಲಾ):

ನಡುಕದ ಬಗ್ಗೆ. ಡ್ಯಾಂಪರ್ ರೋಗ ಮುಚ್ಚತೈತಿ, ವಾಸಿ ಮಾಡೂದಿಲ್ಲ. ಅದನ್ನ ಬಿಚ್ಚಿ ಇಟ್ಟು ಹುಡುಕ್ರಿ.

ಮುಂದಿನ ಚಕ್ರ ಎತ್ತಿ ಮ್ಯಾಲೊಂದು ಕೈ ಕೆಳಗೊಂದು ಕೈ ಹಿಡದು ಅಲುಗಾಡಸ್ರಿ. ಪ್ಲೇ ಸಿಕ್ಕರ ಒಬ್ಬರಿಗೆ ಬ್ರೇಕ್ ತುಳದು ಹಿಡೀರಿ ಅನ್ರಿ. ಪ್ಲೇ ಮಾಯ ಆದ್ರ ವ್ಹೀಲ್ ಬೇರಿಂಗ್. ಹಂಗ ಉಳದ್ರ ಕಿಂಗ್‌ಪಿನ್ (ಚಕ್ರ ಎಡ-ಬಲಕ್ಕ ಹೊಳ್ಳೂ ಕೀಲು) ಬೇರಿಂಗ್. ಇದನ್ನ ನೋಡದ ಎರಡೂ ಬದಲಿ ಮಾಡಿಸಿ ದುಡ್ಡು ಹಾಕೂದು ಇಲ್ಲಿ ರೂಢಿ.

ವ್ಹೀಲ್ ಬೇರಿಂಗ್ ಆದ್ರ: ತೊಳದು, ಲಿಥಿಯಂ ಗ್ರೀಸ್ ಅಂಗೈಯಿಂದ ರೋಲರ್ ನಡುವ ಹೊಗಸಿ ಕೂಡಸ್ರಿ. ಚಕ್ರ ತಿರುಗಿಸ್ಕೋತ ಒಳಗಿನ ನಟ್ ಬಿಗಿ ಆಗೂತನಕ ಕೊಟ್ಟು, ಆರರಾಗ ಒಂದು ಸುತ್ತು ವಾಪಸ್ ಬಿಟ್ಟು, ಲಾಕ್ ವಾಷರ್ ಮಡಚಿ ಹೊರಗಿನ ನಟ್ ಬಿಗೀರಿ. ಹಬ್ ಮುಳುಗೂ ನೀರು ದಾಟಿದ ವಾರದಾಗ ಒಮ್ಮೆ ಬಿಚ್ಚಿ ನೋಡಬೇಕು. ಡ್ರಮ್ಮೂ ಆವಾಗ ತಗೀರಿ, ಎರೆಮಣ್ಣು ಒಣಗಿ ಲೈನರಿಗೂ ಡ್ರಮ್ಮಿಗೂ ನಡುವ ಕೂತ್ರ ಗೀರು ಬೀಳತಾವು.

ಕಿಂಗ್‌ಪಿನ್ ಆದ್ರ ಶಿಮ್ (ತೆಳ್ಳನ ಪಟ್ಟಿ) ತಗದು ಬಿಗಿ ಮಾಡಬೇಕು. ಮ್ಯಾಲಿಂದೂ ಕೆಳಗಿಂದೂ ಒಂದ ದಪ್ಪದ್ದು ತಗೀರಿ, ಒಂದ ಕಡೆ ತಗದ್ರ ಆಕ್ಸಲ್ ನಡುವಿನಿಂದ ಸರೀತೈತಿ. ಟೈ ರಾಡ್ ಬಿಚ್ಚಿ, ಗುಂಡಿನ ಸುತ್ತಿನ ಸೀಲ್ ತಗದ ಮ್ಯಾಲ ನಕಲ್ (ಚಕ್ರ ಹೊತ್ತು ಹೊಳ್ಳೂ ತುಂಡು) ತನ್ನ ಭಾರಕ್ಕ ತಾನ ತಿರುಗಬಾರದು, ಕೈಗೆ ಹಗುರ ಬಿಗಿ ಸಿಗಬೇಕು. ಬೇರಿಂಗಿನ ಬಟ್ಟಲದಾಗ ರೋಲರ್ ಗುರುತು ಬಿದ್ದಿದ್ರ ಶಿಮ್‌ನಿಂದ ಉಪಯೋಗ ಇಲ್ಲ, ಹೊಸದ ಬೇಕು.

ಉಳದದ್ದು: ಟೈ ರಾಡ್ ಎಂಡ್, ಕಮಾನ್ ಪಟ್ಟಿಯ ಬುಷ್, ಶ್ಯಾಕಲ್, ಯು-ಬೋಲ್ಟ್. ಯು-ಬೋಲ್ಟ್ ಬಿಚ್ಚಿ ಹಾಕಿದ್ರ 500 ಕಿಲೋಮೀಟರಿಗೆ ಮತ್ತೊಮ್ಮೆ ಬಿಗೀಬೇಕು. ಟೋ-ಇನ್ (ಮುಂದಿನ ಚಕ್ರ ಒಳಮುಖ ಇರೂದು) ಸುಮಾರು 2 ಮಿ.ಮೀ.; ಟೈರಿನ ನಡು ಎತ್ತರಕ್ಕ ಮುಂದ ಹಿಂದ ಅಳದು ಮುಂದ ಅಷ್ಟು ಕಮ್ಮಿ ಇರ್ಲಿ.

ಕಡ್ಲಿರಾಶಿ (ನವಲಗುಂದ):

ವರ್ಷದ ಲೆಕ್ಕ ಕೇಳೀರಿ. ನಮ್ಮ ಕಡೆ ಕಿಲೋಮೀಟರ್ ನೋಡಿ ಸರ್ವಿಸ್ ಮಾಡಿದ್ರ ಗಾಡಿ ಉಳಿಯೂದಿಲ್ಲ, ಹಂಗಾಮು ನೋಡಿ ಮಾಡ್ಬೇಕು.

ರಾಶಿ ಹೊತ್ತಿನ್ಯಾಗ, ಅಂದ್ರ ಫೆಬ್ರವರಿ-ಮಾರ್ಚ್, ಎಲ್ಲಕ್ಕಿಂತ ಮೊದಲ ಏರ್ ಕ್ಲೀನರ್. ಎಣ್ಣಿ ತುಂಬೂ ನಮೂನಿದು ಇದ್ರ ವಾರಕ್ಕೊಮ್ಮೆ ಬಟ್ಟಲ ತಗದು ನೋಡ್ರಿ, ತಳದಾಗ ಒಂದು ಸೆಂಟಿಮೀಟರ್ ಕೆಸರು ಕೂತಿದ್ರ ಚೆಲ್ಲಿ ತೊಳೀರಿ. ಆ ಬಟ್ಟಲಕ್ಕ ಎಂಜಿನ್ ಆಯಿಲ್ ಗೆರಿ ತನಕ ಅಷ್ಟ ಹಾಕ್ರಿ. ಹೆಚ್ಚು ತುಂಬಿದ್ರ ಎಂಜಿನ್ ಆ ಎಣ್ಣಿನ ಎಳಕೊಂಡು ಅದರ ಮ್ಯಾಲ ಓಡತೈತಿ, ಕೀ ತಗದ್ರೂ ನಿಂದರೂದಿಲ್ಲ. ಕ್ಲೀನರಿಗಿಂತ ಮೋಸದ್ದು ಅಂದ್ರ ಅಲ್ಲಿಂದ ಮ್ಯಾನಿಫೋಲ್ಡಿಗೆ ಹೋಗೂ ರಬ್ಬರ್ ಪೈಪ್. ಬಿಚ್ಚಿ ಒಳಗ ಬಿಳಿ ಬಟ್ಟಿಲೆ ಒರಸ್ರಿ. ಧೂಳು ಹತ್ತಿದ್ರ ಕ್ಲಿಪ್ ಸಡ್ಲ ಐತಿ ಇಲ್ಲಾ ಪೈಪ್ ಸೀಳೇತಿ, ರಿಂಗ್ ಮತ್ತ ಬೋರ್ ತಿನ್ನೂದು ಅದ ಧೂಳು.

ಬ್ಯಾಸಿಗಿಗೆ ಮುಂಚೆ ರೇಡಿಯೇಟರ್. ಗದಗ, ನವಲಗುಂದ ಕಡೆ ಬೋರಿನ ಸವಳ ನೀರು ಹಾಕೂದು ಬಿಡ್ರಿ, ಒಳಗ ಸುಣ್ಣ ಕಟ್ಟತೈತಿ. ಬ್ಯಾಟರಿಗೆ ಹಾಕೂ ಡಿಸ್ಟಿಲ್ಡ್ ನೀರು ಮತ್ತ ಕೂಲಂಟ್ ಅರ್ಧಕ್ಕರ್ಧ, ಎರಡ ವರ್ಷಕ್ಕೊಮ್ಮೆ ಬದಲಿ. ಕಾದ್ರ ಸಾಕು ಥರ್ಮೋಸ್ಟ್ಯಾಟ್ ತಗದು ಒಗೀತಾರ. ತಗದ್ರ ಎಂಜಿನ್ ಯಾವತ್ತೂ ಪೂರ್ತಿ ಬಿಸಿ ಆಗೂದಿಲ್ಲ, ಹತ್ತದ ಡೀಸೆಲ್ ಬೋರಿನಗುಂಟ ಇಳದು ಆಯಿಲ್ ತೆಳ್ಳಗ ಮಾಡತೈತಿ. ಪಾತೇಲಿ ನೀರಿನ್ಯಾಗ ತೂಗಬಿಟ್ಟು ಥರ್ಮಾಮೀಟರ್ ಇಟ್ಟು ಕಾಸ್ರಿ, ಮ್ಯಾಲ ಒತ್ತಿದ ಡಿಗ್ರಿಗೆ ತೆರೀಲಿಕ್ಕೆ ಶುರು ಆದ್ರ ಅದು ಚಲೋ ಐತಿ, ತಪ್ಪು ಬ್ಯಾರೆ ಕಡೆ.

ಮುಂಗಾರು ಮುಗದ ಮ್ಯಾಲ ಎಣ್ಣಿ. ನಾಕೂ ಮನೀದು, ಎಂಜಿನ್, ಗೇರ್, ಟ್ರಾನ್ಸ್‌ಫರ್, ಹೌಸಿಂಗ್, ನಟ್ ತುಸು ಸಡ್ಲಿಸಿ ಮೊದಲ ಹನಿ ಏನು ಬರ್ತೈತಿ ನೋಡ್ರಿ. ನೀರು ತಳದಾಗ ಇರ್ತೈತಿ, ಅದ ಮೊದಲ ಬರ್ತೈತಿ. ಎಂಜಿನ್ ಆಯಿಲ್ 15ಡಬ್ಲ್ಯೂ-40, 5000 ಕಿಲೋಮೀಟರ್ ಇಲ್ಲಾ ಆರು ತಿಂಗಳು. ಡೀಸೆಲ್ ಎಂಜಿನ್‌ದಾಗ ಆಯಿಲ್ ಎರಡ ದಿನಕ್ಕ ಕಪ್ಪಾಗೂದು ಸಹಜ, ಅದಕ್ಕ ಹೆದರಬ್ಯಾಡ್ರಿ. ಬ್ರೇಕ್ ಆಯಿಲ್ ಎರಡ ವರ್ಷ.

ಎರೆಮಣ್ಣು ಹಸಿ ಇದ್ದಾಗಲೇ ತೊಳೀಬೇಕು. ಚಾಸಿಯ ತೂತಿನೊಳಗ, ಸ್ಪ್ರಿಂಗ್ ಹ್ಯಾಂಗರ್ ಹಿಂದ, ಟ್ಯಾಂಕಿನ ಪಟ್ಟಿ ಕೆಳಗ ಒಣಗಿದ್ರ ವರ್ಷಪೂರ್ತಿ ತೇವ ಹಿಡಕೊಂಡು ಕೂಡತೈತಿ. ತುಕ್ಕಿನ ಮ್ಯಾಲ ರಬ್ಬರ್ ಕೋಟಿಂಗ್ ಹೊಡಿಸಿದ್ರ ಒಳಗೊಳಗ ತಿಂತೈತಿ. ತಂತಿ ಬ್ರಶ್‌ಲೆ ಕೆರದು, ಪ್ರೈಮರ್ ಹೊಡದು, ಅದರ ಮ್ಯಾಲ ಬಣ್ಣ ಹೊಡೀಲೇಬೇಕು. ಬರೇ ರೆಡ್ ಆಕ್ಸೈಡ್ ಬಿಟ್ರ ನೀರು ಕುಡೀತೈತಿ. ಹಳೆ ಆಯಿಲ್ ಬಳಿಯೂದು ನಡೀತೈತಿ, ಬುಷ್‌ಗಳಿಗೆ ಬ್ರೇಕ್ ಪೈಪಿನ ರಬ್ಬರಿಗೆ ತಾಗಸಬ್ಯಾಡ್ರಿ.

ಫ್ರೀ ಹಬ್ ಇದ್ದವರು ತಿಂಗಳಿಗೊಮ್ಮೆ ಹಬ್ ಲಾಕ್ ಮಾಡಿ, ಲಿವರ್ ಟೂ-ವ್ಹೀಲ್‌ದಾಗ ಇಟ್ಟು, ಹತ್ತು ಕಿಲೋಮೀಟರ್ ಓಡಸ್ರಿ. ಮುಂದಿನ ಹೌಸಿಂಗ್ ತಿರುಗಿ ಮ್ಯಾಲಿನ ಬೇರಿಂಗಿಗೆ ಎಣ್ಣಿ ಮುಟ್ಟತೈತಿ. ಇದನ್ನ ಡಾಂಬರ ಮ್ಯಾಲ ಮಾಡಿದ್ರೂ ತೊಂದ್ರಿ ಇಲ್ಲ, ಎರಡು ಶಾಫ್ಟ್ ಕೂಡಿರೂದಿಲ್ಲಲ್ಲ.

ಎರಿಹೊಲ (ರೋಣ):

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಪ್ರೈಮರ್ ಒತ್ತಿದ್ರ ಒಂದ ಏಟಿಗೆ ಹತ್ತೇತಿ. ಗುಳ್ಳಿ ಟ್ಯಾಂಕ್ ಕಡಿಂದ ಬರ್ತಾವು, ಪೈಪ್ ಬದಲಿ ಮಾಡೂದೈತಿ. ಚಕ್ರದ ಪ್ಲೇ ಬ್ರೇಕ್ ತುಳದ್ರೂ ಉಳೀತೈತಿ, ಎಡಕ್ಕ ಹೆಚ್ಚು. ಹತ್ತು ಸುತ್ತಿನ ಲೆಕ್ಕ: ಮುಂದ 24 ಮತ್ತ ಮ್ಯಾಲ ಸ್ವಲ್ಪ, ಹಿಂದ ಹತ್ತತ್ರ 27. ಈಗ ಯಾವುದನ್ನ ಬದಲಿ ಮಾಡೂದು?

ಸಪ್ತಾಪುರ_4x4 (ಧಾರವಾಡ):

ಮುಂದೆ 4.88, ಹಿಂದೆ 5.38. ನೂರಕ್ಕೆ ಹತ್ತರಷ್ಟು ವ್ಯತ್ಯಾಸ, ಲಿವರ್ ಸಿಗಿಬೀಳದೆ ಏನು ಮಾಡೀತು. ಮೀಟರಿನ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಹೋಗೋದರಿಂದ ನಿಮಗೆ 50 ತೋರಿಸಿದಾಗ ಗಾಡಿ ನಿಜವಾಗಿ 45ರಲ್ಲಿ ಇರತದ. ಕಿಲೋಮೀಟರ್ ಲೆಕ್ಕವೂ ಅಷ್ಟೇ ಹೆಚ್ಚು ಓಡತದ.

ಹಿಂದಿನದನ್ನು 39/8 ಮಾಡಿಸಿರಿ. ಹುಬ್ಬಳ್ಳಿ ರಸ್ತೆಗೆ ಎಂಜಿನ್ ಕೂಗೋದು ಕಡಿಮೆ ಆಗತದ, ಹೊಲಕ್ಕೆ ಲೋ ಗೇರ್ ಇದ್ದೇ ಅದ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ತಗೋಬೇಕು, ಕ್ರೌನಿನ ಅಂಚಿಗೂ ಪಿನಿಯನ್ ತಲೆಗೂ ಒಂದೇ ಜೋಡಿ ನಂಬರ್ ಕೆತ್ತಿರತದ, ಕೂಡದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಕೂಡಿಸುವವರ ಹತ್ತಿರ ಡಯಲ್ ಗೇಜ್ ಇರಬೇಕು: ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) 0.15ರಿಂದ 0.25 ಮಿ.ಮೀ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದರೆ ಗುರುತು ಹಲ್ಲಿನ ನಡುವಿಗೆ ಬೀಳಬೇಕು. ತುದಿಗೋ ಬುಡಕ್ಕೋ ಬಿದ್ದರೆ ಪಿನಿಯನ್ ಶಿಮ್ ಮತ್ತೆ ಬದಲಿ. "ಕೈ ಅಂದಾಜು ಸಾಕು" ಅನ್ನುವವರಿಗೆ ಕೊಡಬೇಡಿ, ಸಾವಿರ ಕಿಲೋಮೀಟರಿಗೇ ಕೂಗಲಿಕ್ಕೆ ಶುರು ಆಗತದ. ಮೊದಲ 500 ಕಿಲೋಮೀಟರ್ ಟ್ರೇಲರ್ ಕಟ್ಟಬೇಡಿ, ಅದಾದ ಮೇಲೆ ಎಣ್ಣೆ ಒಮ್ಮೆ ಬದಲಿಸಿ.

ಅಲ್ಲಿಯವರೆಗೆ ಬೇರೆಯವರೂ ಗಾಡಿ ಓಡಿಸೋದಿದ್ದರೆ ಮುಂದಿನ ಪ್ರೊಪೆಲರ್ ಶಾಫ್ಟ್ ಬಿಚ್ಚಿ ಇಟ್ಟುಬಿಡಿ, ಲಿವರ್ ತಪ್ಪಿ ಬಿದ್ದರೂ ಏನೂ ಆಗೋದಿಲ್ಲ. ಹಾಗೆ ಬಿಚ್ಚಿದ ಮೇಲೆ ಲೋ ಗೇರಿನಲ್ಲಿ ಭಾರ ಎಳೀಬೇಡಿ, ಪೂರ್ತಿ ಒತ್ತಡ ಹಿಂದಿನ ಆಕ್ಸಲ್ ಮೇಲೆ ಬೀಳತದ. ಬಿಚ್ಚುವ ಮೊದಲು ಶಾಫ್ಟಿಗೂ ಫ್ಲ್ಯಾಂಜಿಗೂ, ಸ್ಲಿಪ್ ಜಾಯಿಂಟಿನ ಎರಡೂ ತುಂಡಿಗೂ ಉಳಿಯಿಂದ ಗುರುತು ಹೊಡೀರಿ. ಒಂದು ಹಲ್ಲು ತಪ್ಪಿ ಕೂಡಿಸಿದರೂ ಆಮೇಲೆ ನಡುಕ ಬರತದ. ಶಾಫ್ಟಿನ ತುದಿಯ ಕ್ರಾಸ್ ಕೀಲಿನ ಬಿಡಿ ಬಟ್ಟಲಗಳಿಗೆ ಕೂಡಲೇ ಟೇಪ್ ಸುತ್ತಿರಿ, ಇಲ್ಲಾಂದರೆ ಸೂಜಿ ರೋಲರುಗಳೆಲ್ಲ ಮಣ್ಣಿಗೆ ಬೀಳತಾವ.